ಆಯಿ ಹೋದ ದಿನ ನಾನು ತುಳಿದ ದಾರಿ

ಆಯಿ ನಸುಕಿನಲ್ಲಿ ಹೋದಳು. ಆಯಿ ಅಂದರೆ ಅಪ್ಪನ ತಾಯಿ. ನನ್ನನ್ನು ಸಾಕಿದವಳು ಅವಳೇ. ನಾನು ಆಗ ಬೀದರಿನ ಮೈಲೂರಿನಲ್ಲಿ, ಕೆಲಸ ಮಾಡುವ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆ. ನಮ್ಮೂರು ಸಾಯಗಾಂವದಿಂದ ಕಾಕಾ, ಅಪ್ಪನ ತಮ್ಮ, ಫೋನ್ ಮಾಡಿದ.

"ಆಯಿ ಹೋದಳೋ ತಮ್ಮಾ."

"ಹೂಂ," ಅಂದೆ.

"ನಿಮ್ಮಪ್ಪನ ಫೋನ್ ಬಂದ್ ಅದ. ಹೊತ್ತು ಮುಳುಗೂದ್ರಾಗ ಮಣ್ಣ ಮಾಡ್ಬೇಕು. ಕುರಿ ಔರಾದ ಕಡಿ ಹೋಗ್ಯಾವ ಅಂತಾರ. ಹುಡುಕಿ ಕಳಸು ಅವನ್ನ."

"ಹೂಂ."

"ಬರೇ ಹೂಂ ಹೂಂ ಅಂತೀಯಲ್ಲ, ಕೇಳ್ಲತ್ತದೋ ಇಲ್ಲೋ?"

"ಕೇಳ್ಲತ್ತದ."

ಕೇಳಿಸುತ್ತಿತ್ತು. ಅಳು ಬರಲಿಲ್ಲ ಅಷ್ಟೆ. ಮುಖ ತೊಳೆದುಕೊಂಡು ನನ್ನ ಸೈಕಲ್ಲಿನ ಟೈರಿಗೆ ಗಾಳಿ ಹೊಡೆದೆ.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಗುಂಡಿಗೆ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಹಿರಿಮಗನ ಕೈಯಿಂದ ಬೀಳಬೇಕು. ಅವನು ಇಲ್ಲದಿದ್ದರೆ ಬೇರೆಯವರು ಹಾಕಿ ಮುಗಿಸುತ್ತಾರೆ. ಆದರೆ ಊರು ಆ ಮಾತನ್ನು ಅವನು ಸಾಯುವವರೆಗೂ ಬಿಡುವುದಿಲ್ಲ. ಹಿರಿಮಗ ಅಂದರೆ ನಮ್ಮಪ್ಪ. ಅಪ್ಪ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ತೊಗರಿ ಕೊಯ್ಲಾದ ಮೇಲೆ ಅವನು ಕುರಿ ಹೊಡೆದುಕೊಂಡು ಹೊರಡುತ್ತಾನೆ. ಹಿಕ್ಕಿ ಗೊಬ್ಬರ ಬೇಕಾದ ರೈತರು ಕರೆದು ತಮ್ಮ ಹೊಲದಲ್ಲಿ ರಾತ್ರಿ ಕುರಿ ಕೂರಿಸುತ್ತಾರೆ, ಜೋಳ ಕೊಡುತ್ತಾರೆ. ಒಂದು ಹೊಲ ಮುಗಿದರೆ ಇನ್ನೊಂದು ಹೊಲ. ಅವನಿಗೆ ವಿಳಾಸ ಅಂತ ಇರುವುದಿಲ್ಲ.

ನನ್ನ ಹತ್ತಿರ ಬೈಕ್ ಇಲ್ಲ. ಸೈಕಲ್ ಇದೆ. ಬಗ್ಗಿದ ಹ್ಯಾಂಡಲ್ಲಿನ ರೇಸ್ ಸೈಕಲ್, ಹಳೆಯದು. ರಜೆ ಇದ್ದಾಗಲೆಲ್ಲ ಅದನ್ನು ತುಳಿಯುತ್ತೇನೆ. ಭಾಲ್ಕಿ, ಔರಾದ, ಕಮಲನಗರ, ಎಲ್ಲ ರೋಡೂ ನನಗೆ ಗೊತ್ತು. ಮೊದಲ ಸಲ ಊರಿಗೆ ಒಯ್ದಾಗ ಆಯಿ ಹ್ಯಾಂಡಲ್ ಹಿಡಿದು ನೋಡಿ, "ಇದಕ್ಕ ಟಗರಿನ ಕೊಂಬು ಯಾಕ ಹಚ್ಚಿಸೀದಿ?" ಅಂದಿದ್ದಳು. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಟಗರು.

ಬೀದರ ದಾಟಿದೆ. ಥಂಡಿ ಇತ್ತು. ಔರಾದ ರೋಡಿನಲ್ಲಿ ಇಳಿಜಾರು ಬಂತು. ಅಲ್ಲಿ ಯಾವಾಗಲೂ ಬ್ರೇಕ್ ಹಿಡಿಯದೆ ಬಿಡುತ್ತೇನೆ. ಅವತ್ತೂ ಬಿಟ್ಟೆ. ಖುಷಿಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕೆಳಗೆ ಮಾಂಜ್ರಾ ನದಿ. ಸೇತುವೆ ದಾಟಿ, ದೊಡ್ಡ ರೋಡು ಬಿಟ್ಟು, ಎಡಕ್ಕೆ ದಂಡೆಯ ಹಳ್ಳಿಗಳ ದಾರಿ ಹಿಡಿದೆ.

ಹೋದ ವರ್ಷ ಅಪ್ಪ ಕುರಿ ಕೂರಿಸಿದ್ದ ಹೊಲ ನನಗೆ ಗೊತ್ತಿತ್ತು. ನೇರ ಅಲ್ಲಿಗೇ ಹೋದೆ. ಹೋದರೆ ಅಲ್ಲಿ ಕಬ್ಬು ನಿಂತಿದೆ, ಆಳೆತ್ತರ. ಕಬ್ಬಿನೊಳಗೆ ಯಾರು ಕುರಿ ಬಿಡುತ್ತಾರೆ? ಬದುವಿನ ಮೇಲೆ ಒಬ್ಬ ಮುದುಕ ಬೀಡಿ ಸೇದುತ್ತ ಕೂತಿದ್ದ.

"ಯಜಮಾನ್ರೇ, ಕುರಿ ಹಿಂಡು ಏನಾದ್ರೂ ನೋಡೀರೇನ್ರಿ?"

ಅವನು ನನ್ನನ್ನು ಬಿಟ್ಟು ಸೈಕಲ್ಲನ್ನು ನೋಡಿದ. "ಇಷ್ಟ ಸಣ್ಣ ಗಾಲಿ ಮ್ಯಾಗ ಬಂದೀಯೇನೋ ತಮ್ಮಾ? ಊಟ ಗೀಟ ಹಾಕಲ್ಲೇನ ಇದಕ್ಕ?"

"ಕುರಿ ನೋಡೀರೇನ್ರಿ?"

"ಬಾಳ ಗಡಬಡಿ ಅದ ನಿಂದು. ನಿನ್ನೆ ಒಂದ ಹಿಂಡು ನದಿ ಕಡಿ ಇಳೀತು. ಯಾರದೋ ಏನೋ."

ಮುಂದೆ ಒಂದು ತೊಗರಿ ಹೊಲದಲ್ಲಿ ಕುರಿ ಕೂತ ಗುರುತು ಸಿಕ್ಕಿತು. ಕುರಿ ಸುತ್ತ ಬಲೆ ಕಟ್ಟಿದ ಗೂಟದ ತೂತುಗಳು, ಮೂರು ಕಲ್ಲಿನ ಒಲೆ, ಬೂದಿ. ಹಿಕ್ಕಿ ತೆಗೆದುಕೊಂಡು ಬೆರಳಲ್ಲಿ ಒತ್ತಿದೆ. ಒಳಗೆ ಇನ್ನೂ ಹಸಿ. ಹಾಗಾದರೆ ನಿನ್ನೆಯದು. ಅಪ್ಪನೇ ಅಂದುಕೊಂಡು ಗೊರಸಿನ ಗುರುತು ಹಿಡಿದು ನದಿ ಕಡೆ ಇಳಿದೆ. ಕಪ್ಪು ಮಣ್ಣಿನಲ್ಲಿ ಸೈಕಲ್ ಓಡಲಿಲ್ಲ. ಹೆಗಲ ಮೇಲೆ ಹೊತ್ತೆ. ಜಾಲಿ ಮುಳ್ಳು ಮೊದಲೇ ಚುಚ್ಚಿತ್ತು, ಹಿಂದಿನ ಗಾಲಿ ಇಳಿದಿತ್ತು. ಕೂತು ಟ್ಯೂಬ್ ಬದಲಿಸಿದೆ. ಅದು ನನ್ನ ದಿನದ ಕೆಲಸ, ಕೈ ತಾನೇ ಮಾಡಿತು. ಆಯಿ ಸತ್ತಿದ್ದಾಳೆ ಅಂತ ಒಂದು ಸಲ ಬಾಯಿಬಿಟ್ಟು ಅಂದುಕೊಂಡೆ. ಬೇರೆ ಯಾರದೋ ಸುದ್ದಿ ಕೇಳಿದ ಹಾಗಿತ್ತು.

ದಂಡೆಯಲ್ಲಿ ಹಿಂಡು ಕಂಡಿತು. ಪಕ್ಕದಲ್ಲಿ ಕುದುರೆ ಕಟ್ಟಿದ್ದರು. ಕುದುರೆ ನೋಡಿದ ಕೂಡಲೇ ತಿಳಿಯಿತು. ನಮ್ಮವರು ಕುದುರೆ ಇಡುವುದಿಲ್ಲ. ಇವರು ಮಹಾರಾಷ್ಟ್ರದ ಕಡೆಯ ಕುರಿ ಕಾಯುವ ಧನಗರರು. ಅರ್ಧ ಹೊತ್ತು ಬೇರೆಯವರ ಹಿಕ್ಕಿಯ ಹಿಂದೆ ಹೋಗಿತ್ತು. ಒಲೆ ಮುಂದೆ ಕೂತ ಹೆಂಗಸು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿದಳು.

"ಕಾಯ್ ಝಾಲ? ಏನಾಯ್ತು?"

ಹೇಳಿದೆ.

"ಅರೆರೆ," ಅಂದಳು. "ನಿಮ್ಮಪ್ಪ ಕಿವ್ಯಾಗ ಒಂಟಿ ಹಾಕ್ತಾನ? ಒಬ್ಬನೇ ಹಾನ? ಗಢಿ ಹತ್ತಿರ ನೋಡು. ನಿನ್ನೆ ನಮ್ಮ ನಾಯಿಗೆ ಬೈದು ಹೋದ."

ಬೈದಿದ್ದಾನೆ ಅಂದರೆ ಅಪ್ಪನೇ. ಅವಳು ಚಹಾ ಕುಡಿ ಅಂದಳು. ನಿಂತೇ ಕುಡಿದೆ. ನಾಲಿಗೆ ಸುಟ್ಟಿತು. ಬೆಳಗಿನಿಂದ ನನಗೆ ಸರಿಯಾಗಿ ತಾಗಿದ್ದು ಅದೊಂದೇ.

ಗಢಿ ಅಂದರೆ ನಿಜಾಮರ ಕಾಲದ ದೇಶಮುಖರ ವಾಡೆ. ಈಗ ಛಾವಣಿ ಇಲ್ಲ, ನಾಲ್ಕು ಗೋಡೆ ಅಷ್ಟೆ. ಗಾಳಿಗೆ ಮರೆಯಾಗುತ್ತದೆ ಅಂತ ಕುರಿಯವರು ಆ ಗೋಡೆಗೆ ಹಿಂಡು ನಿಲ್ಲಿಸುತ್ತಾರೆ. ಏರು ಹತ್ತಿ ಹೋದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಅಪ್ಪ ಗೋಡೆ ಕೆಳಗೆ ಕೂತು ಒಂದು ಕುರಿಯ ಗೊರಸು ಹೆರೆಯುತ್ತಿದ್ದ.

"ಟಗರ ತಗೊಂಡು ಇಲ್ಲಿತನಕ ಬಂದಿ? ಕೆಲಸ ಬಿಟ್ಟಿಯೇನು?"

"ಆಯಿ ಹೋದಳು ಅಪ್ಪಾ."

ಚಾಕು ನಿಂತಿತು.

"ಯಾವಾಗ?"

"ನಸುಕಿನ್ಯಾಗ. ಹೊತ್ತು ಮುಳುಗೂದ್ರಾಗ ಮಣ್ಣು ಅಂತ. ನಿಂದೇ ಹಾದಿ ನೋಡ್ಲತ್ತಾರ."

ಅವನು ಉಳಿದ ಗೊರಸನ್ನೂ ಹೆರೆದು ಮುಗಿಸಿದ. ಕುರಿಯನ್ನು ಬಿಟ್ಟ. ಎದ್ದು ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡ.

"ನನ್ನ ಜೋಡಿ ಇದ್ದ ನಿಮ್ಮ ಮಾವ ಜ್ವರ ಬಂದು ತನ್ನ ಊರಿಗಿ ಹೋಗ್ಯಾನ. ನಾ ಒಬ್ಬನೇ ಅದೀನಿ. ಕುರಿ ಯಾರ ನೋಡ್ತಾರ?"

ಇದು ದಾರಿಯುದ್ದಕ್ಕೂ ನನಗೆ ಹೊಳೆದಿರಲಿಲ್ಲ. ಅಪ್ಪನನ್ನು ಹುಡುಕಿದರೆ ಸಾಕು, ಇಬ್ಬರೂ ಕೂಡಿ ಹೋಗುತ್ತೇವೆ ಅಂದುಕೊಂಡಿದ್ದೆ. ಹಿಂಡನ್ನು ಬಿಟ್ಟು ಇಬ್ಬರೂ ಹೋಗುವ ಹಾಗಿಲ್ಲ. ತೋಳ ಇದೆ. ಪಕ್ಕದಲ್ಲೇ ಬೇರೆಯವರ ಜೋಳ ನಿಂತಿದೆ.

"ನೀ ಹೋಗು. ನಾ ಇರ್ತೀನಿ," ಅಂದೆ.

"ನಿನ್ನ ಸಾಕಿದಕಿ ಅಕಿ."

"ನಿನ್ನ ಹಡೆದಕಿ. ಮೊದಲ ಹಿಡಿ ನಿಂದು. ಹೋಗು, ಹೊತ್ತಾಗ್ತದ."

"ಸೈಕಲ್ ಕೊಡ್ತಿ?" ಅಂದ. ಹೋಗಿ ಹಿಡಿದೂ ನೋಡಿದ. ಧೋತರ ಎತ್ತಿ ಕಾಲು ಹಾಕಲು ಹೋದ. ಸೀಟು ಅವನ ಸೊಂಟದಷ್ಟು ಎತ್ತರವಿತ್ತು. ಅಪ್ಪ ಕುರಿ ಕೂರಿಸಿದ್ದ ಹೊಲದ ರೈತನಿಗೆ ಏರು ಹತ್ತುವಾಗಲೇ ಸುದ್ದಿ ಹೇಳಿದ್ದೆ. ಬೈಕ್ ತೆಗೆದುಕೊಂಡು ಬಂದ ಅವನು ನೋಡಿ ಕೂಗಿದ, "ಏ ಕಾಕಾ, ಇಳಿ! ಇದ್ರ ಮ್ಯಾಗ ಹೋದ್ರ ಎರಡ ಮಣ್ಣ ಮಾಡ್ಬೇಕಾಗ್ತದ!"

ಹಾಗೆ ಅಂದು ನಾಲಿಗೆ ಕಚ್ಚಿಕೊಂಡ. ಅಪ್ಪ ನಕ್ಕುಬಿಟ್ಟ. ನಾನೂ ನಕ್ಕೆನೋ ಏನೋ. ಅಪ್ಪ ಬೈಕಿನ ಹಿಂದೆ ಹತ್ತಿದ.

"ಅಪ್ಪಾ, ನಂದೂ ಒಂದ ಹಿಡಿ ನೀನೇ ಹಾಕು."

"ಹಂಗ ಬರಂಗಿಲ್ಲೋ ತಮ್ಮಾ. ಅವರವರದು ಅವರವರ ಕೈಲಿಂದ ಆಗ್ಬೇಕು," ಅಂದ. "ಕುಂಟ ಕುರಿ ಹಿಂದ ಬೀಳ್ತದ, ನೋಡಕೋ."

ಧೂಳು ಎದ್ದಿತು, ಇಳಿಯಿತು. ನಾನು ಕುಂಟ ಕುರಿಯನ್ನು ನೋಡಿಕೊಂಡೆ. ಹೊತ್ತು ನದಿಯ ಆಚೆ ಇಳಿಯುವವರೆಗೆ ಅದನ್ನೇ ನೋಡುತ್ತ ನಿಂತಿದ್ದೆ. ಹೊತ್ತು ಕೆಂಪಾಯಿತು, ಮುಳುಗಿತು. ಅಪ್ಪ ಊರು ಮುಟ್ಟಿದನೋ ಇಲ್ಲವೋ ತಿಳಿಯಲಿಲ್ಲ. ಅಲ್ಲಿ ನನ್ನ ಫೋನಿಗೂ ರೇಂಜ್ ಇರಲಿಲ್ಲ. ಬಲೆ ಕಟ್ಟಿದೆ. ಹಿಂಡು ಒಳಗೆ ಹಾಕಿದೆ. ಅಪ್ಪನ ಬುತ್ತಿಯಲ್ಲಿದ್ದ ರೊಟ್ಟಿ ತಿಂದೆ.

ಮರುದಿನ ಅಪ್ಪ ಬಂದ. ತಲೆ ಬೋಳಿಸಿದ್ದ. ಕಿವಿಯ ಒಂಟಿ ಎದ್ದು ಕಾಣುತ್ತಿತ್ತು.

"ಮುಟ್ಟಿದಿ?"

"ಮುಟ್ಟಿದೆ. ಇನ್ನಾ ಹೊತ್ತಿತ್ತು."

ಕುರಿಗಳನ್ನು ಒಂದು ಸಲ ಎಣಿಸಿ ನೋಡಿ, "ಹೋಗು ಈಗ," ಅಂದ.

ನದಿ ದಾಟಿ ಸಾಯಗಾಂವಕ್ಕೆ ತುಳಿದೆ. ಮಣ್ಣು ಮಾಡಿದ ಜಾಗ ದಾರಿಗೆ ಹತ್ತಿಕೊಂಡೇ ಇತ್ತು. ಸೈಕಲ್ ಬೇವಿನ ಗಿಡಕ್ಕೆ ಆನಿಸಿದೆ. ಕಪ್ಪು ಮಣ್ಣು ಮೇಲೆ ಮೇಲೆ ಒಣಗಿ ಬಿರಿಯತೊಡಗಿತ್ತು. ಬದಿಯಿಂದ ಒಂದು ಹಿಡಿ ತೆಗೆದು ಮೇಲೆ ಹಾಕಿದೆ. ಬಿದ್ದ ಮೇಲೆ ಅದರಲ್ಲಿ ನನ್ನದು ಯಾವುದು ಅಂತ ಗುರುತು ಸಿಗಲಿಲ್ಲ. ಸ್ವಲ್ಪ ಹೊತ್ತು ಹುಡುಕಿದೆ. ಆಮೇಲೆ ಸೈಕಲ್ ಹತ್ತಿ, ಭಾಲ್ಕಿ ಮೇಲಿಂದ ಬೀದರಿಗೆ ಬಂದೆ.