ಥಂಡಿ ಬಿಟ್ಟ ಮೇಲೆ ಹಾಕಿಸುವ ಸೂಜಿ

ನೀವು ಕುಮಟಾ, ಹೊನ್ನಾವರದ ಕಡೆಯವರಾದರೆ ನಾವು ಚಿಕ್ಕವರಿದ್ದಾಗಿನ ಮೇ ತಿಂಗಳನ್ನು ಮೂಗಿನಿಂದಲೇ ಗುರುತಿಸುತ್ತೀರಿ. ಕೊಳೆತ ಗೇರುಹಣ್ಣು, ಅಂಗಳದಲ್ಲಿ ಒಣಗುವ ಮುರುಗಲು ಸಿಪ್ಪೆ, ಗಾಳಿ ತಿರುಗಿದರೆ ಒಣಮೀನು. ಮಂಕಿ ಊರಿನ ನಮ್ಮ ಮನೆಯಲ್ಲಿ ಇದರ ಜೊತೆಗೆ ನೀಲಗಿರಿ ಎಣ್ಣೆಯ ವಾಸನೆಯೂ ಇರುತ್ತಿತ್ತು. ತಂಗಿ ಸುಮಾಳ ಎದೆಗೆ ಅಮ್ಮ ದಿನಾ ಅದನ್ನು ತಿಕ್ಕುತ್ತಿದ್ದಳು.

ಸುಮಾಗೆ ಆರು ವರ್ಷ, ನನಗೆ ಹನ್ನೊಂದು. ಅವಳಿಗೆ ಹುಟ್ಟಿದಾರಭ್ಯ ದಮ್ಮು. ನಾವು ಹಿತ್ತಲಲ್ಲಿ ಗೇರುಬೀಜ ಸುಡುವಾಗ ಅವಳು ಹೊಗೆ ತಾಗದಷ್ಟು ದೂರ ನಿಂತು, "ನಂಗೆ ನಾಲ್ಕಾದ್ರೂ ಇಡ್ರೆ!" ಎಂದು ಕೂಗಬೇಕು. ಓಡುವ ಆಟ ಅವಳಿಗಿಲ್ಲ. ಕಂಬದಾಟಕ್ಕೆ ಒಂದು ಕಂಬ ಕಡಿಮೆ ಬಿದ್ದರೆ ಅವಳನ್ನೇ ಕಂಬ ಮಾಡಿ ನಿಲ್ಲಿಸುತ್ತಿದ್ದೆವು. ಅದಕ್ಕೂ ಖುಷಿಪಡುತ್ತಿದ್ದಳು, ಪಾಪ.

ಆ ವರ್ಷ ಹೊನ್ನಾವರದ ಡಾಕ್ಟರು ಅಮ್ಮನಿಗೆ ಬಿಡಿಸಿ ಹೇಳಿದ್ದರು. "ಮಳೆ ಶುರುವಾಗೂದ್ರೊಳಗೆ ಇವ್ಳಿಗೆ ಫ್ಲೂ ಇಂಜೆಕ್ಷನ್ ಹಾಕ್ಸಿಬಿಡಿ. ಇಂಥ ಮಕ್ಕಳಿಗೆ ಫ್ಲೂ ಬಂದ್ರೆ ಸುಧಾರಿಸೂದು ಕಷ್ಟ. ಪೂರ್ತಿ ತಡೀತದೆ ಅಂತ ಹೇಳೂದಿಲ್ಲ, ಬಂದ್ರೂ ಜೋರಾಗೂದು ಕಡ್ಮೆ. ಜ್ವರ ಇದ್ದಾಗ ಮಾತ್ರ ಕರ್ಕೊಂಡು ಬರ್ಬೇಡಿ."

ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ. ಅವರು ಹೇಳಿದ್ದು ಜ್ವರ. ಮನೆಗೆ ಬರುವಷ್ಟರಲ್ಲಿ ಅದು ಥಂಡಿಯಾಯಿತು.

"ಮೂಗು ಸೋರುವಾಗ ಸೂಜಿ ಚುಚ್ಸೂದಾ? ಎಂತಾ ಕರ್ಮವಾ! ಥಂಡಿ ಬಿಡ್ಲಿ, ಆಮೇಲೆ ನೋಡ್ವ" ಅಂದಳು ಅಜ್ಜಿ, ಅಪ್ಪನ ತಾಯಿ. ಅಪ್ಪ "ಆತು" ಅಂದ. ಅಪ್ಪನಿಗೆ ಎಲ್ಲದಕ್ಕೂ ಆತು.

ದಮ್ಮಿನ ಮಗುವಿಗೆ ಥಂಡಿ ಬಿಡುವ ದಿನ ಯಾವುದು, ನೀವೇ ಹೇಳಿ! ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಅವಳ ಮೂಗು ನೋಡುವಳು. ಆಮೇಲೆ, ಪಕ್ಕದಲ್ಲಿ ಮಲಗುತ್ತಿದ್ದ ನನ್ನನ್ನು ಕೇಳುವಳು: "ರಾತ್ರಿ ಕೆಮ್ಮಿದ್ಲನೆ?" ನಾನು ಹೂಂ ಅನ್ನುತ್ತಿದ್ದೆ. ಸೂಜಿ ಮುಂದಕ್ಕೆ ಹೋಗುತ್ತಿತ್ತು. ಹೀಗೇ ತಿಂಗಳು ಅರ್ಧ ಕಳೆಯಿತು.

ಒಂದು ಬೆಳಿಗ್ಗೆ ಸುಮಾಳ ಮೂಗು ಒಣಗಿತ್ತು. ರಾತ್ರಿ ಒಂದು ಸಲವೂ ಕೆಮ್ಮಿರಲಿಲ್ಲ. ಹಾಸಿಗೆಯಲ್ಲೇ ನನ್ನ ಕೈ ಗಟ್ಟಿಯಾಗಿ ಹಿಡಿದು, "ಅಕ್ಕಾ, ಕೆಮ್ಮಿದ್ಲು ಅಂತ ಹೇಳೇ. ನಂಗೆ ಸೂಜಿ ಬ್ಯಾಡ್ವೇ" ಅಂದಳು. ಕಣ್ಣಲ್ಲಿ ಆಗಲೇ ನೀರು. ಅಮ್ಮ ಬಂದು ಕೇಳಿದಾಗ, "ಸುಮಾರು ಸಲ ಕೆಮ್ಮಿದ್ಲು" ಅಂದೆ. ಅಮ್ಮ ಎರಡನೇ ಮಾತು ಕೇಳಲಿಲ್ಲ. ಆ ಇಡೀ ದಿನ ಅಕ್ಕತಂಗಿಯರಿಬ್ಬರೂ ಮುರುಗಲು ಪಾನಕ ಕುಡಿಯುತ್ತಾ ನಕ್ಕಿದ್ದೇ ನಕ್ಕಿದ್ದು.

ಅಂಥ ಬೆಳಿಗ್ಗೆ ಮತ್ತೆ ಬರಲಿಲ್ಲ. ಮಳೆ ಹಿಡಿಯಿತು, ಶಾಲೆ ತೆರೆಯಿತು. ನಮ್ಮ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ, ಎಲ್ಲರಿಗೂ ಜ್ವರ. ನನಗೂ ಬಂತು. ನಾಲ್ಕು ದಿನ ಗಂಜಿ, ಉಪ್ಪಿನಕಾಯಿ ತಿಂದು ಎದ್ದು ಕೂತೆ. ಐದನೇ ದಿನ ಸುಮಾ ಮಲಗಿದಳು. ದಮ್ಮಿನ ಪಂಪು ಬಾಯಿಗಿಟ್ಟು ಎಳೆದರೂ ಉಸಿರು ಹತ್ತಲಿಲ್ಲ. ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗುತ್ತಿತ್ತು. ಹೊನ್ನಾವರದಿಂದ ಆಂಬ್ಯುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದರು.

ಆಸ್ಪತ್ರೆ ಸೇರಿದ ಒಂಬತ್ತನೇ ದಿನ ಅಪ್ಪ ಒಬ್ಬನೇ ಅಮ್ಮನಿಗಿಂತ ಮುಂಚೆ ಮನೆಗೆ ಬಂದ. "ಹುಡ್ಗಿ ಹ್ಯಾಂಗದೆ?" ಎಂದು ಅಜ್ಜಿ ಕೇಳಿದಳು. ಅಪ್ಪ ಮಳೆ ನೀರು ನಿಂತ ಅಂಗಳದಲ್ಲೇ ಕುಸಿದು ಕೂತ. "ಹೋದ್ಲು" ಅಂದ.

ಸೂಜಿ ಹಾಕಿಸಿದ್ದರೆ ಬದುಕುತ್ತಿದ್ದಳೇ? ಖಂಡಿತ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಎಷ್ಟೋ ಮಂದಿಯನ್ನು ಕೇಳಿದ್ದೇನೆ. ನನ್ನ ಮಗನಿಗೂ ಈಗ ಅದೇ ದಮ್ಮು. ಮೂಗು ಸೋರುತ್ತಿದ್ದರೂ ಸರಿ, ಪ್ರತಿವರ್ಷ ಮಳೆಗೆ ಮೊದಲು ಡಾಕ್ಟರಿಗೆ ತೋರಿಸಿ ಹಾಕಿಸಿಬಿಡುತ್ತೇನೆ. ಹಾಕಿಸಿದರೂ ಧೈರ್ಯವೇನೂ ಬರುವುದಿಲ್ಲ.

ಹೋದ ವರ್ಷ ಮನಸ್ಸು ತಡೆಯದೆ ಅಮ್ಮನ ಮುಂದೆ ಬಾಯಿಬಿಟ್ಟೆ. "ಅವತ್ತು ರಾತ್ರಿ ಸುಮಾ ಕೆಮ್ಮಿರ್ಲಿಲ್ಲ ಅಮ್ಮಾ. ನಾ ಸುಳ್ಳು ಹೇಳಿದ್ದೆ." ಬೈಯಲಿ, ಎರಡು ಹೊಡೆಯಲಿ ಎಂದು ಕಾದೆ. ಅಮ್ಮ ಅಕ್ಕಿ ಆರಿಸುತ್ತಲೇ ಇದ್ದಳು.

"ನಂಗೆ ಗೊತ್ತಿತ್ತು. ನಂಗೂ ನಿದ್ದೆ ಇರ್ಲಿಲ್ಲ, ಕಿವಿ ಅಲ್ಲೇ ಇತ್ತು. ಸೂಜಿ ಹಾಕ್ಸಿ ಎಂತಾದ್ರೂ ಆದ್ರೆ ನಿನ್ನಜ್ಜಿ ನನ್ನೇ ಹಿಡೀತಿದ್ರು. ನೀ ಕೆಮ್ಮಿದ್ಲು ಅಂದೆ, ನಂಗೆ ಅಷ್ಟೇ ಸಾಕಾತು."

ಇಷ್ಟು ವರ್ಷ ತಪ್ಪು ಮಾಡಿದವಳು ನಾನು, ಏನೂ ಅರಿಯದೆ ಮೋಸಹೋದವಳು ಅಮ್ಮ ಎಂದುಕೊಂಡಿದ್ದೆ. ಸಂಕಟವಾದಾಗ ಹೋಗಿ ಅಳಲು ಆ ಮಡಿಲಾದರೂ ಇತ್ತು. ಈಗ ಅದೂ ಇಲ್ಲ. ಫೋನಿನಲ್ಲಿ ಊಟ ಆಯಿತಾ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ, ಇಟ್ಟುಬಿಡುತ್ತೇವೆ.