ಉಂಡದ್ದು ಮೈಗೆ ಹತ್ತಲಿಲ್ಲ

ದಾಂಡೇಲಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೋಗಿ ಮಾಲವ್ವನ ಖಾನಾವಳಿ ಯಾವುದು ಎಂದರೆ ಯಾರಾದರೂ ತೋರಿಸುತ್ತಿದ್ದರು. ಹಳಿಯಾಳದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು, ಕಾಗದದ ಮಿಲ್ಲಿನ ಪಾಳಿ ಮುಗಿಸಿ ಬರುವ ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಹಾಕುತ್ತಲೇ ಹೆಸರು ಮಾಡಿದ್ದಳು. ಸಾಕು ಎಂದವರ ತಟ್ಟೆಗೂ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಜ್ವರ ಬಂದು ಎದ್ದವರಿಗೆ ಬೇರೆಯೇ ಗಂಜಿ. ಹಸಿವು ಅವಳಿಗೆ ಅರ್ಥವಾಗುತ್ತಿತ್ತು. ಉಳಿದ ಕಷ್ಟಗಳೆಲ್ಲ ಅದಾದ ಮೇಲೆ.

ಗಂಡ ಮಲಕಪ್ಪ ಮಿಲ್ಲಿನಲ್ಲಿ ಕಟ್ಟಿಗೆಯ ಲಾರಿ ಇಳಿಸುವ ಗುಂಪಿನ ಮೇಸ್ತ್ರಿ. ಮಾತು ಕಡಿಮೆ, ಊಟ ಜೋರು. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದು ಬಿಟ್ಟು ಬಹಳ ಕಾಲವಾಗಿತ್ತು. ಖಾನಾವಳಿ ಖಾಲಿಯಾದ ಮೇಲೆ ಒಲೆಯ ಮುಂದೆ ಎದುರುಬದುರು ಕೂತು ಉಣ್ಣುವುದೇ ಅವರ ಸಂಸಾರ.

ಮೊದಲು ಜಾರಿದ್ದು ಕೈಗಡಿಯಾರ. ಮಣಿಕಟ್ಟಿನಲ್ಲಿದ್ದದ್ದು ಅವನು ಕೈ ಎತ್ತಿದರೆ ಮೊಣಕೈವರೆಗೆ ಇಳಿಯತೊಡಗಿತು. ಆ ಬೇಸಿಗೆಯಲ್ಲೇ ಅವನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದೂ ತಿಳಿಯಿತು. ಸಕ್ಕರೆ ಇದ್ದವರು ಸೊರಗುತ್ತಾರೆ ಎಂದು ಎಲ್ಲರೂ ಹೇಳಿದರು, ಅವರೂ ನಂಬಿದರು. ಬೆನ್ನು ನೋಯುತ್ತದೆ ಅಂದ. ದಿಮ್ಮಿ ಎತ್ತುವವನ ಬೆನ್ನು ನೋಯದೆ ಇನ್ನೇನು ಎಂದು ಎಣ್ಣೆ ತಿಕ್ಕಿದಳು. ರೊಟ್ಟಿಗೆ ಬೆಣ್ಣೆ ಹೆಚ್ಚಾಯಿತು, ಮೊಳಕೆ ಹೆಸರುಕಾಳು, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಅವನು ಉಂಡ. ಉಂಡಷ್ಟೂ ಇಳಿದ.

ಮುಂಡಗೋಡದಿಂದ ಅವನ ಅಕ್ಕ ಲಕ್ಷ್ಮೀದೇವಿ ಬಂದಳು. ತಮ್ಮನ ಕೊರಳ ಎಲುಬು ನೋಡಿ, ಉಣ್ಣುತ್ತಿದ್ದವರೆಲ್ಲ ಕೇಳುವಂತೆ ಹೇಳಿದಳು: “ಊರಿಗೆಲ್ಲಾ ಉಣಿಸ್ತಿ ಮಾಲವ್ವ. ನನ್ನ ತಮ್ಮಗ ಒಂದು ತುತ್ತು ಹಾಕಾಕ ನಿನಗ ಪುರಸೊತ್ತಿಲ್ಲೇನ?”

ರೊಟ್ಟಿ ತಿರುವಿಹಾಕುವಾಗ ಬೆರಳು ಹಂಚಿಗೆ ತಾಗಿದ್ದೂ ಮಾಲವ್ವನಿಗೆ ತಿಳಿಯಲಿಲ್ಲ.

ಕಣ್ಣು ಹಳದಿಯಾದಾಗ ಕಾಮಣಿ ಎಂದುಕೊಂಡು ಜೋಯಿಡಾ ಕಡೆಯ ಹಳ್ಳಿಯೊಂದಕ್ಕೆ ಹೋಗಿ ಬೇರಿನ ಔಷಧ ಕುಡಿಸಿದರು. ಮೈಯೆಲ್ಲ ತುರಿಕೆ ಹತ್ತಿ, ಮೂತ್ರ ಕಡುಚಹಾದಂತಾದ ಮೇಲೆ ಮಾಲವ್ವ ಅವನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂಬದಿಯ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರಿನ ಗಂಟು ಕಂಡಿತು. ಅದು ರಕ್ತನಾಳವನ್ನೂ ಸುತ್ತಿಕೊಂಡಿತ್ತು, ಆಪರೇಶನ್ ಆಗದು ಎಂದರು. ಪಿತ್ತ ಇಳಿಯಲು ಒಳಗೆ ಸಣ್ಣ ನಳಿಗೆ ಕೂರಿಸಿದರು. ಕಣ್ಣಿನ ಹಳದಿ ಕರಗುತ್ತ ಬಂತು. ಮಾಲವ್ವ ಅದನ್ನೇ ಗುಣ ಎಂದುಕೊಂಡಳು.

ಆದರೆ ರಕ್ತ ಬೇರೆಯೇ ಹೇಳುತ್ತಿತ್ತು. ಆಸ್ಪತ್ರೆಯಲ್ಲಿದ್ದ ಧಾರವಾಡ ಕಡೆಯ ಡಾಕ್ಟರಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡು ವಿವರಿಸಿದಳು. ಮೈಯೊಳಗೆ ಉರಿಯೂತ ಇದ್ದಾಗ ಲಿವರು ಸಿಆರ್‌ಪಿ ಎಂಬುದನ್ನು ರಕ್ತಕ್ಕೆ ಬಿಡುತ್ತದೆ. ಗಾಯವೋ ಜ್ವರವೋ ವಾಸಿಯಾದರೆ ಅದು ಇಳಿಯಬೇಕು. ಇವನಿಗೆ ಸೋಂಕು ಇಲ್ಲ, ಹಳದಿ ಹೋಗಿದೆ, ಆದರೂ ಅದು ಏರುತ್ತಲೇ ಇದೆ; ಅಲ್ಬುಮಿನ್ ಎಂಬ ಇನ್ನೊಂದು ಅಂಶ ಕುಸಿದಿದೆ. ಗಂಟು ಮೈಯಲ್ಲೆಲ್ಲ ಬೆಂಕಿ ಹಚ್ಚಿದೆ, ಆ ಬೆಂಕಿ ಮಾಂಸಖಂಡಗಳನ್ನೇ ತಿನ್ನುತ್ತಿದೆ.

“ಏನ ಉಣಿಸಿದ್ರ ಅದು ಇಳೀತೈತ್ರಿ?” ಮಾಲವ್ವ ಕೇಳಿದಳು.

ಡಾಕ್ಟರಮ್ಮ ರಿಪೋರ್ಟು ಮಡಿಚಿಟ್ಟಳು. “ಊಟದಿಂದ ಇಳಿಯೂದಲ್ರಿ ಅದು. ನೀವು ಏನೂ ಕಡಿಮಿ ಮಾಡಿಲ್ಲ.”

ಈ ಮಾತಿನಿಂದ ಸಮಾಧಾನವಾಗಲೆಂದೇ ಆಕೆ ಹೇಳಿದ್ದು. ಮಾಲವ್ವನಿಗೆ ಮಾತ್ರ ಸಮಾಧಾನವಾಗಲಿಲ್ಲ. ತಪ್ಪು ತನ್ನದಾಗಿದ್ದರೆ ತಿದ್ದಿಕೊಳ್ಳಬಹುದಿತ್ತು.

ತಿದ್ದಿಕೊಳ್ಳುವವಳಂತೆಯೇ ಊರಿಗೆ ಬಂದಳು. ಕೀಮೋ ಶುರುವಾಗಿತ್ತು. ಉಂಡದ್ದು ಅರಗಲೆಂದು ಊಟದ ಜೊತೆ ನುಂಗಲು ಕೊಟ್ಟಿದ್ದ ಗುಳಿಗೆಯನ್ನು ತಪ್ಪಿಸಲಿಲ್ಲ. ರಾಗಿ ಅಂಬಲಿ, ಸಾಬೂದಾನಿ, ಅಕ್ಕಿನುಚ್ಚು, ಒಂದಾದ ಮೇಲೊಂದು ಬಟ್ಟಲು ಹಿಡಿದು ಮಂಚದ ಬದಿಗೆ ನಿಲ್ಲುತ್ತಿದ್ದಳು. ವಾಸನೆಗೇ ಅವನ ಮುಖ ಕಿವುಚಿಕೊಳ್ಳುತ್ತಿತ್ತು. ಆದರೂ ಬಾಯಿ ತೆರೆಯುತ್ತಿದ್ದ. ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ನೀರು ಚೆಲ್ಲಲು ಹೋದಾಗ, ಅವನು ಗೋಡೆಗೆ ಕೈ ಕೊಟ್ಟು, ಸದ್ದಾಗದಂತೆ ಟವೆಲು ಬಾಯಿಗೊತ್ತಿ ಕಾರಿಕೊಳ್ಳುತ್ತಿದ್ದ. ಇದು ಮೊದಲ ಸಲವಲ್ಲ ಎಂದು ಬೂದಿ ಮುಚ್ಚಿದ ಮಣ್ಣೇ ಹೇಳುತ್ತಿತ್ತು.

“ಒಲ್ಲೆ ಅಂತ ಹೇಳಬಾರದೇನ್ರಿ?” ಅಂದಳು.

“ನಿನ್ನ ಸಮಾಧಾನಕ್ಕ ಉಣ್ತೇನಿ,” ಅಂದ ಅವನು, ಬಾಯಿ ಒರೆಸಿಕೊಳ್ಳುತ್ತ. “ಇದನ್ನೊಂದು ಬಿಟ್ರ ನಿನಗ ಮಾಡಾಕ ಏನೂ ಉಳಿಯೂದಿಲ್ಲಲ್ಲ.”

ಅಂದಿನಿಂದ ಅವಳು ಒತ್ತಾಯ ಮಾಡಲಿಲ್ಲ. ಬರಿಗೈಲಿ ಅವನ ಪಕ್ಕ ಕೂರುವುದು ಅವಳಿಗೆ ಗೊತ್ತೇ ಇರಲಿಲ್ಲ. ಕೈ ತಾನಾಗಿ ಎದ್ದು ಸೆರಗು ಸರಿಮಾಡುತ್ತಿತ್ತು, ಹೊದಿಕೆ ಎಳೆಯುತ್ತಿತ್ತು, ಮತ್ತೆ ಮಡಿಲಿಗೆ ಬೀಳುತ್ತಿತ್ತು. ಅವನು ನೀರು ಬೇಕೆಂದರೆ ತುಟಿ ಒದ್ದೆ ಮಾಡುತ್ತಿದ್ದಳು. ಮುಂದಿನ ತಪಾಸಣೆಯಲ್ಲಿ ಸಿಆರ್‌ಪಿ ಇನ್ನೂ ಏರಿತ್ತು, ತೂಕ ಇನ್ನೂ ಬಿದ್ದಿತ್ತು. ಈ ಮೈ ಕೀಮೋ ತಡೆಯುವುದಿಲ್ಲ, ನೋವಿಗೆ ಔಷಧ ಕೊಡುತ್ತೇವೆ, ಮನೆಗೆ ಕರೆದೊಯ್ಯಿರಿ ಎಂದರು. ಮರಳುವ ದಾರಿಯಲ್ಲಿ ಹಳಿಯಾಳ ದಾಟುವವರೆಗೆ ಅವನು ಅವಳ ಭುಜಕ್ಕೆ ತಲೆಯಿಟ್ಟಿದ್ದ. ಭಾರವೇ ಅನಿಸಲಿಲ್ಲ.

ಮರುವರ್ಷದ ಮಳೆಗಾಲ ಹಿಡಿಯುವ ಮುಂಚೆ, ಮಿಲ್ಲಿನ ಬೆಳಗಿನ ಪಾಳಿಯವರು ಓಣಿಯಲ್ಲಿ ಹಾದುಹೋಗುವ ಹೊತ್ತಿಗೆ, ಮಲಕಪ್ಪ ತೀರಿಕೊಂಡ. ಜಂಗಮರು ಬಂದರು. ದೇಹವನ್ನು ಕೂರಿಸಿ ಸಿಂಗರಿಸುವಾಗ ಅವನ ಗುಂಪಿನ ಕೂಲಿಕಾರರು ಎತ್ತಲು ಬಗ್ಗಿ, ಎತ್ತಿದೊಡನೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಜನ ಬೇಕಾಗಿರಲಿಲ್ಲ.

ಮೂರನೆಯ ದಿನ ಮಣ್ಣಿಗೆ ಹಾಲು ಹಾಕಿ ಬಂದ ಮೇಲೆ ಲಕ್ಷ್ಮೀದೇವಿ ಅವಳ ಬಳಿ ಬಂದು ಕೂತಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಹಳೆಯ ಮಾತಿನ ಬಿರುಸು ಈಗಿರಲಿಲ್ಲ. ಮಾಲವ್ವ ತಾನಾಗಿಯೇ, ಡಾಕ್ಟರಮ್ಮ ಹೇಳಿದಂತೆ, ರಕ್ತದಲ್ಲಿ ಏರುತ್ತಿದ್ದುದರ ಬಗ್ಗೆ, ಒಳಗಿನ ಬೆಂಕಿಯ ಬಗ್ಗೆ, ಉಂಡದ್ದು ಯಾಕೆ ಹತ್ತಲಿಲ್ಲ ಎಂಬುದರ ಬಗ್ಗೆ ನಿಧಾನವಾಗಿ ಹೇಳಿದಳು. ಲಕ್ಷ್ಮೀದೇವಿ ಪೂರ್ತಿ ಕೇಳಿದಳು, ತಲೆದೂಗಿದಳು.

“ಹಂಗಾದ್ರ, ಮೈ ಇಳಿಯಾಕ ಹತ್ತಿದಾಗನ ಆ ರಕ್ತ ತೋರಿಸಿದ್ರ ನನ್ನ ತಮ್ಮ ಉಳೀತಿದ್ನೇನ?”

ಮಾಲವ್ವ ಇದನ್ನು ಡಾಕ್ಟರಮ್ಮನಿಗೆ ಕೇಳಿರಲಿಲ್ಲ. ಕೇಳಲು ಧೈರ್ಯವಾಗಿರಲಿಲ್ಲ.

“ಗೊತ್ತಿಲ್ರಿ ಅಕ್ಕಾರ,” ಅಂದಳು.