ಶಾರದಕ್ಕ ಆ ದಿನ ಹೇಳಿದ್ದು

ಉಷಾ, ನಿನ್ನ ಅಮ್ಮ ಹಾಗೆ ಹೇಳಲಿಲ್ಲ. ಹೇಳಿದವಳು ನಾನು.

ಇಷ್ಟನ್ನು ಬರೆಯಲು ಇಷ್ಟು ವರ್ಷ ತೆಗೆದುಕೊಂಡೆ. ಸುಳ್ಳು ಹೇಳುವಾಗ ಮಾತ್ರ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಿರಲಿಲ್ಲ. ದೆಹಲಿಯ ಜನಕಪುರಿಯಲ್ಲಿ, ನಮ್ಮ ಲೇನಿನ ಪಾರ್ಕಿನಲ್ಲಿ, ಚಳಿ ಶುರುವಾಗುವ ಹೊತ್ತಿನ ಒಂದು ಭಾನುವಾರ, ನೆರೆಹೊರೆಯವರೆಲ್ಲರ ಎದುರಿಗೆ ನಿನ್ನ ಅಮ್ಮ ಕನ್ನಡದಲ್ಲಿ ಬೇಕು ಎಂದದ್ದನ್ನು ನಾನು ಹಿಂದಿಯಲ್ಲಿ ಬೇಡ ಎಂದು ಹೇಳಿದೆ. ಆಮೇಲೆ ನೀನು ಬಂದು ಕೇಳಿದಾಗ, ಹೌದು, ಹಾಗೇ ಹೇಳಿದರು ಎಂದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಪಾಪ — ಅದು ನನಗೆ ಆಗಲೇ ಗೊತ್ತಿತ್ತು.

ಆ ಲೇನಿನಲ್ಲಿ ಕನ್ನಡದವರದು ಎರಡೇ ಮನೆ. ನಮ್ಮದು ಕೆಳಗಿನ ಮನೆ. ಎದುರು ಸಾಲಿನಲ್ಲಿ, ಎರಡನೇ ಮಹಡಿಯಲ್ಲಿ ನಿಮ್ಮದು. ನಿಮ್ಮಪ್ಪನೂ ನಮ್ಮ ಮನೆಯವರೂ ಒಂದೇ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದವರು. ನಿನ್ನ ಅಮ್ಮ ಶಾರದಕ್ಕ ಮದುವೆಯಾಗಿ ದೆಹಲಿಗೆ ಬಂದು, ಮಕ್ಕಳನ್ನು ಬೆಳೆಸಿ, ಗಂಡನನ್ನು ಕಳೆದುಕೊಂಡು, ಮೊಮ್ಮಕ್ಕಳನ್ನು ಕಂಡರೂ ಅವರ ಹಿಂದಿ ತರಕಾರಿ ಗಾಡಿಯನ್ನು ದಾಟಿ ಮುಂದೆ ಹೋಗಲಿಲ್ಲ. "ಭಯ್ಯಾ, ಕಿತನಾ?" "ಭಯ್ಯಾ, ತಾಜಾ ದೋ" — ಅಲ್ಲಿಗೆ ಮುಗಿಯಿತು. ಉಳಿದದ್ದಕ್ಕೆಲ್ಲ ನಾನು. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಹಿಂದಿ ನನಗೆ ನೀರು ಕುಡಿದಷ್ಟು ಸಲೀಸು. ಡಾಕ್ಟರ ಹತ್ತಿರ, ಗ್ಯಾಸಿನವನ ಹತ್ತಿರ, ಬ್ಯಾಂಕಿನಲ್ಲಿ — ಶಾರದಕ್ಕ ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳಿ, ಎದುರಿನವರ ಮುಖ ನೋಡದೆ ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು. ಅಲ್ಲಿಯವರೆಗೆ ನಾನು ಒಂದು ಮಾತನ್ನೂ ಆಚೀಚೆ ಮಾಡಿದವಳಲ್ಲ. ಅವರ ಹೊಟ್ಟೆನೋವನ್ನು ಡಾಕ್ಟರಿಗೆ ಹೇಳುವಾಗ ನನ್ನ ಹೊಟ್ಟೆಯನ್ನೇ ಹಿಡಿದುಕೊಂಡು ತೋರಿಸುತ್ತಿದ್ದೆ. ಅಷ್ಟು ಪ್ರಾಮಾಣಿಕಳು!

ನೀನು ಗಂಡನ ಮನೆ ಬಿಟ್ಟು, ಪುಟ್ಟ ಮಗಳು ರಿತುವನ್ನು ಎತ್ತಿಕೊಂಡು ಬಂದ ವರ್ಷ ಅದು. ಎರಡು ಕೋಣೆಯ ಮನೆಯಲ್ಲಿ ನಿನ್ನ ಅಣ್ಣ ರವಿ, ಅತ್ತಿಗೆ, ಅವರ ಮಕ್ಕಳು. ಶಾರದಕ್ಕನ ಹಾಸಿಗೆಯೇ ಊಟದ ಮೇಜಿನ ಪಕ್ಕಕ್ಕೆ ಬಂದಿತ್ತು. ನಿನಗೆ ಜಾಗವೆಲ್ಲಿ? ಯಮುನೆಯ ಆಚೆ ಲಕ್ಷ್ಮೀ ನಗರದ ಒಂದು ಕೋಚಿಂಗ್ ಸೆಂಟರಿನ ಆಫೀಸಿನಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ಕೋಣೆ ಬಾಡಿಗೆಗೆ ತೆಗೆದುಕೊಂಡೆ. ಒಮ್ಮೆ ನಿನ್ನ ಅಮ್ಮನನ್ನು ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಕರೆತಂದವಳು ನಾನೇ. ಕಿಟಕಿಯಿಲ್ಲದ ಕೋಣೆ. ಹಗಲಲ್ಲೂ ಟ್ಯೂಬ್‌ಲೈಟು.

ಆಗಲೇ ಕಾಲನಿಯಲ್ಲಿ ಆ ಚರ್ಚೆ ಶುರುವಾದದ್ದು — ಮನೆಗಳ ಮೇಲೆ ಇನ್ನೊಂದು ಮಹಡಿ ಕಟ್ಟಲು ಬಿಡಬೇಕೋ ಬೇಡವೋ ಎಂದು. ಊರು ತುಂಬಿ ತುಳುಕುತ್ತಿದೆ, ಇರುವ ಜಾಗದಲ್ಲೇ ಇನ್ನಷ್ಟು ಜನಕ್ಕೆ ಸೂರು ಸಿಗಬೇಕು ಎನ್ನುವುದು ಸರ್ಕಾರದವರ ವಿಚಾರ. ನಿವಾಸಿಗಳು ಏನನ್ನುತ್ತಾರೆ ಎಂದು ಕೇಳಿಕೊಂಡು ಹೋಗಲು ಒಬ್ಬ ಅಧಿಕಾರಿ ಬರುವವರಿದ್ದರು. ಹಾಲಿನ ಬೂತಿನ ಮುಂದೆ, ಇಸ್ತ್ರಿಯವನ ಗಾಡಿಯ ಹತ್ತಿರ ಅದೇ ಮಾತು. ಕೆಳಗಿನ ಮನೆಯವರಿಗೆ ಬೇಡ, ಮೇಲಿನ ಮನೆಯವರಿಗೆ ಬೇಕು. ಬೇಡ ಎನ್ನುವವರ ಬಾಯಲ್ಲಿ ಎಷ್ಟು ಒಳ್ಳೊಳ್ಳೆಯ ಕಾರಣಗಳು! ನೀರು ಸಾಲುವುದಿಲ್ಲ, ಕಾರು ನಿಲ್ಲಿಸುವುದೆಲ್ಲಿ, ಎಂಥೆಂಥವರೋ ಬಾಡಿಗೆಗೆ ಬರುತ್ತಾರೆ, ಕಾಲನಿಯ ವಾತಾವರಣ ಕೆಡುತ್ತದೆ. ನಾನೂ ಇದನ್ನೆಲ್ಲ ಹೇಳುತ್ತಿದ್ದೆ, ಬಹಳ ಗಂಭೀರವಾಗಿ ತಲೆಯಾಡಿಸಿಕೊಂಡು.

ನನ್ನ ನಿಜವಾದ ಕಾರಣ ಬಿಸಿಲು. ಅಷ್ಟೇ ಉಷಾ — ಬಿಸಿಲು.

ದೆಹಲಿಯ ಚಳಿಗಾಲದಲ್ಲಿ ಕೆಳಗಿನ ಮನೆಯ ಅಂಗಳದ ಬಿಸಿಲು ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಮಂಜು ಕರಗಿದ ಮೇಲೆ ನಿಮ್ಮ ಮನೆಯ ತಾರಸಿಯ ಮೇಲಿನಿಂದ ಬಿಸಿಲು ಇಳಿದು ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ನಿಮ್ಮ ಕಟ್ಟಡದ ನೆರಳು ಸರಿಯಾಗಿ ನಮ್ಮ ಗೇಟಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲಿ ಬೆತ್ತದ ಮೋಢಾ ಹಾಕಿಕೊಂಡು ಕೂತು ಬಟಾಣಿ ಬಿಡಿಸುವುದು, ಕಿತ್ತಳೆ ತಿನ್ನುವುದು, ತಲೆಗೂದಲು ಒಣಗಿಸುವುದು — ವರ್ಷವಿಡೀ ನಾನು ಕಾಯುತ್ತಿದ್ದುದು ಆ ಎರಡು ತಿಂಗಳಿಗೆ. ನಿಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಎದ್ದರೆ ನೆರಳು ನಮ್ಮ ಹೊಸ್ತಿಲಿಗೆ ಬರುತ್ತದೆ ಎಂದು ಗೇಟಿನ ಹತ್ತಿರ ನಿಂತು ಕಣ್ಣಳತೆಯಲ್ಲೇ ಲೆಕ್ಕ ಹಾಕಿದ್ದೆ. ಇದನ್ನು ಯಾರ ಮುಂದೆಯೂ ಆಡಲಿಲ್ಲ. ಇಷ್ಟು ಸಣ್ಣ ಮಾತನ್ನು ಆಡಲು ನಾಚಿಕೆ. ಅದಕ್ಕಾಗಿ ಏನು ಬೇಕಾದರೂ ಮಾಡಲು ಮಾತ್ರ ನಾಚಿಕೆಯಾಗಲಿಲ್ಲ.

ಸಭೆಯ ದಿನ ರವಿ ಆಫೀಸಿನ ಟೂರಿನಲ್ಲಿದ್ದ. ಭಾನುವಾರ ನಿನ್ನ ಕೋಚಿಂಗ್ ಸೆಂಟರಿಗೆ ರಜೆಯಿಲ್ಲ. ಶಾರದಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ನಮ್ಮ ಗೇಟಿಗೆ ಬಂದರು. "ಉಷಂಗೆ ಏನೂ ಹೇಳಿಲ್ಲ ಕಣೆ ಲಲಿತಾ. ಒಪ್ಪಿಗೆ ಸಿಕ್ಕಿದ ಮೇಲೆ ಹೇಳೋಣ. ಈಗ್ಲೇ ಆಸೆ ಹುಟ್ಸೋದು ಬೇಡ" ಎಂದರು. ನಾನು ಹೂಂ ಎಂದೆ. ದೇವರಾಣೆಗೂ ಆಗ ನನ್ನ ಮನಸ್ಸಿನಲ್ಲಿ ಏನೂ — ಇಲ್ಲ, ಈ ಮಾತು ಬೇಡ. ಇತ್ತೋ ಇರಲಿಲ್ಲವೋ, ಅದರಿಂದ ನಿನಗೇನಾಗಬೇಕು?

ಪಾರ್ಕಿನಲ್ಲಿ ಜಮಖಾನ, ಪ್ಲಾಸ್ಟಿಕ್ ಕುರ್ಚಿ, ಚಹಾ. ಕೂಗಾಟ ನಡೆದೇ ಇತ್ತು. ಮೇಲಿನ ಮನೆಯವರ ದನಿ ಜೋರಾಗುತ್ತಿತ್ತು. ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಒಬ್ಬರು ಕೇಳಿದಾಗ ಕೆಳಗಿನವರೂ ಸ್ವಲ್ಪ ಮೆತ್ತಗಾಗಿದ್ದರು. ಆಗ ಶಾರದಕ್ಕ ಎದ್ದು ನಿಂತರು. ಜನ ಅವರ ಕಡೆ ತಿರುಗಿದರು. ಆ ಹೆಂಗಸು ಸಭೆಯಲ್ಲಿ ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

"ನಂಗೆ ದೊಡ್ಡ ಮಾತೆಲ್ಲ ಬರಲ್ಲಪ್ಪ" ಎಂದರು, ಕನ್ನಡದಲ್ಲಿ, ಅಧಿಕಾರಿಯ ಕಡೆ ಕೈಮುಗಿದು. "ಮೇಲೆ ಒಂದು ಕೋಣೆ ಕಟ್ಕೊಳ್ಳೋಕೆ ಬಿಡಿ. ನೀರು ಸಾಲ್ದಿದ್ರೆ ನಾನೇ ಕೆಳಗಿಂದ ಹೊತ್ಕೊಂಡು ಹೋಗ್ತೀನಿ. ಯಾರಿಗೂ ತೊಂದ್ರೆ ಕೊಡಲ್ಲ. ನನ್ನ ಮಗಳು ಮನೆಗೆ ಬರಲಿ, ಅಷ್ಟೇ."

ಆಮೇಲೆ ಎಂದಿನಂತೆ ನನ್ನ ಮುಖ ನೋಡಿದರು. ಎಲ್ಲರೂ ನನ್ನ ಮುಖ ನೋಡಿದರು. ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದರು.

ನಾನು ಎದ್ದು ನಿಂತು ಹೇಳಿದೆ: "ಕಹ ರಹೀ ಹೈಂ — ಇಸ್ ಉಮರ್ ಮೇಂ ಯೇ ಶೋರ್, ಯೇ ಧೂಲ್ ನಹೀಂ ಸಹ ಪಾಊಂಗೀ. ಜೈಸಾ ಹೈ, ವೈಸಾ ಹೀ ರಹನೇ ದೀಜಿಯೇ." ಇವರು ಹೇಳುತ್ತಿದ್ದಾರೆ, ಈ ವಯಸ್ಸಿನಲ್ಲಿ ಗದ್ದಲ, ಧೂಳು ತಡೆದುಕೊಳ್ಳಲಾರೆ, ಹೇಗಿದೆಯೋ ಹಾಗೇ ಇರಲಿ ಬಿಡಿ ಎಂದು.

ಚಪ್ಪಾಳೆ ಬಿತ್ತು. ಮೊದಲು ಕೆಳಗಿನ ಮನೆಯವರು, ಆಮೇಲೆ ಉಳಿದವರು. "ದೇಖಿಯೇ, ಊಪರ್‌ವಾಲೇ ಭೀ ನಹೀಂ ಚಾಹತೇ!" ಎಂದು ಪಕ್ಕದ ಮನೆಯ ಚೋಪ್ರಾ ಆಂಟಿ ಗೆದ್ದವರ ಹಾಗೆ ಕೂಗಿದರು. ಮೇಲಿನ ಮನೆಯವರೇ ಬೇಡ ಎನ್ನುತ್ತಿರುವಾಗ ಇನ್ನೇನು ಮಾತು? ಅಲ್ಲಿಗೆ ಚರ್ಚೆ ಮುಗಿಯಿತು. ಶಾರದಕ್ಕನಿಗೆ ಒಂದೆರಡು ಪದ ಕಿವಿಗೆ ಬಿದ್ದಿರಲೂಬಹುದು. ಆದರೆ ಅವರು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ನಾನು ಮಾತಾಡುವಾಗ ಕೇಳುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ. ಅವರು ಚಪ್ಪಾಳೆ ತಟ್ಟುತ್ತಿದ್ದ ಜನರನ್ನು ನೋಡುತ್ತಿದ್ದರು. ಒಬ್ಬೊಬ್ಬರ ಕಡೆಗೂ ತಿರುಗಿ ಕೈಮುಗಿದರು. ಕಣ್ಣು ಒರೆಸಿಕೊಂಡರು.

ಅಲ್ಲಿ ಎರಡೂ ಭಾಷೆ ಬಲ್ಲವರು ಇನ್ನೊಬ್ಬರಿದ್ದರು — ನಮ್ಮ ಮನೆಯವರು. ಮನೆಗೆ ನಡೆಯುವಾಗ "ಅವರು ಹೇಳಿದ್ದು ಅದಾ?" ಎಂದು ಕೇಳಿದರು. "ಸುಮ್ನಿರಿ" ಎಂದೆ. ಸುಮ್ಮನಾದರು. ಸಾಯುವ ತನಕ ಸುಮ್ಮನೇ ಇದ್ದರು. ಬಿಸಿಲು ಅವರಿಗೂ ಬೇಕಿತ್ತು.

ಮಾರನೆಯ ದಿನ ಶಾರದಕ್ಕ ಡಬ್ಬಿಯ ತುಂಬ ಕೋಡುಬಳೆ ಮಾಡಿಕೊಂಡು ಬಂದರು. "ನೀನಿಲ್ದಿದ್ರೆ ನನ್ನ ಮಾತು ಯಾರಿಗೆ ತಿಳೀತಿತ್ತೇ? ಎಲ್ರೂ ಹೇಗೆ ಚಪ್ಪಾಳೆ ಹೊಡುದ್ರು ನೋಡು!" ನಾನು ಆ ಕೋಡುಬಳೆ ತಿಂದೆ ಉಷಾ. ಚೆನ್ನಾಗಿವೆ ಎಂದೂ ಹೇಳಿದೆ. ಕೆಲವು ವಾರ ಬಿಟ್ಟು, ಒಪ್ಪಿಗೆ ಬರಲಿಲ್ಲವಂತೆ, ಕಚೇರಿಯವರೇ ಬೇಡವೆಂದರಂತೆ ಎಂದು ಇನ್ನೊಂದು ಸುಳ್ಳು ಸೇರಿಸಿದೆ. "ಹೋಗ್ಲಿ ಬಿಡು, ಉಷಂಗೆ ಹೇಳ್ದೇ ಇದ್ದಿದ್ದೇ ಒಳ್ಳೇದಾಯ್ತು" ಎಂದರು. ಟೂರಿನಿಂದ ಬಂದ ರವಿಗೆ ಯಾರೋ ಹೇಳಿದ್ದರು, ನಿಮ್ಮಮ್ಮ ಸಭೆಯಲ್ಲಿ ಹೀಗೆಂದರು ಎಂದು. ಅವನು ಅಮ್ಮನನ್ನು ಕೇಳಲಿಲ್ಲ. ಉತ್ತರ ಅವನಿಗೆ ಅನುಕೂಲವಾಗಿಯೇ ಇತ್ತೇನೋ — ಅವನನ್ನು ಅನ್ನಲು ನಾನು ಯಾರು?

ಆಮೇಲೆ ನೀನು ಬಂದೆ. ಲೇನಿನಲ್ಲಿ ಚೋಪ್ರಾ ಆಂಟಿ ನಿನ್ನನ್ನು ನಿಲ್ಲಿಸಿ ಹೇಳಿದ್ದರು. ಮೇಲೆ ಮನೆಗೆ ಹೋಗದೆ ನೇರ ನನ್ನ ಬಾಗಿಲಿಗೆ ಬಂದೆ. "ಆಂಟಿ, ಸಚ್ ಬತಾಯಿಯೇ. ಅಮ್ಮ ಹಾಗೆ ಹೇಳಿದ್ಲಾ? ಸಬ್‌ಕೇ ಸಾಮ್ನೇ, ಎಲ್ಲರೆದುರು?" ರಿತು ನಿನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀನು ನನ್ನನ್ನು ಉಗಿಯುತ್ತಿದ್ದೆ, ಲೇನಿನಲ್ಲಿ ನನ್ನ ಮಾನ ಹೋಗುತ್ತಿತ್ತು; ನೀನು ಮೆಟ್ಟಿಲು ಹತ್ತಿ ಅಮ್ಮನ ಹತ್ತಿರ ಹೋಗುತ್ತಿದ್ದೆ. ನಾನು ಹೇಳಿದ್ದು — "ಅವರಿಗೂ ವಯಸ್ಸಾಯ್ತಲ್ಲಮ್ಮ, ನೆಮ್ಮದಿ ಬೇಕು ಅನ್ಸುತ್ತೆ. ನೀನು ಈ ವಿಷ್ಯ ಅಮ್ಮನ ಹತ್ರ ಎತ್ಬೇಡ, ನೊಂದ್ಕೋತಾರೆ." ಬುದ್ಧಿ ಹೇಳುವ ದನಿಯಲ್ಲಿ ಹೇಳಿದೆ. ಶಾಲೆಯಲ್ಲಿ ಅಭ್ಯಾಸವಾದ ದನಿ ಅದು. ನೀನು "ಅಚ್ಛಾ" ಎಂದಷ್ಟೇ ಹೇಳಿ, ಮೇಲೆ ಹೋಗದೆ, ಬಂದ ದಾರಿಯಲ್ಲೇ ತಿರುಗಿ ಹೋದೆ.

ಅದಾದ ಮೇಲೆ ನೀನು ಬರುವುದು ಹಬ್ಬಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ನಾನು ಉಳಿಸಿಕೊಂಡ ಬಿಸಿಲಿನಲ್ಲಿ ಶಾರದಕ್ಕನೂ ಬಂದು ಕೂರುತ್ತಿದ್ದರು. ಪ್ರತಿ ಚಳಿಗಾಲ ಇಬ್ಬರೂ ಬಟಾಣಿ ಬಿಡಿಸುತ್ತಿದ್ದೆವು. ಅವರು ಲೇನಿನ ತುದಿಯ ಕಡೆ ನೋಡುತ್ತ "ಉಷಾ ಯಾಕೋ ನನ್ನ ಮೇಲೆ ಮುನಿಸ್ಕೊಂಡಿದಾಳೆ ಕಣೆ. ಏನು ತಪ್ಪು ಮಾಡಿದ್ನೋ ತಿಳೀತಿಲ್ಲ" ಎನ್ನುತ್ತಿದ್ದರು. ನಾನು ಬಟಾಣಿ ಬಿಡಿಸುತ್ತಿದ್ದೆ. ಕೆಲಸದ ಒತ್ತಡ ಇರಬೇಕು ಅಕ್ಕ, ಎನ್ನುತ್ತಿದ್ದೆ. ಹಾಗೆ ಎಷ್ಟು ಬುಟ್ಟಿ ಬಟಾಣಿ — ಅವರು ತೀರಿಕೊಳ್ಳುವವರೆಗೂ. ಕೊನೆಯ ದಿನ ನೀನು ಬಂದು ದೂರದಲ್ಲಿ ನಿಂತೆ. ಅಳಲಿಲ್ಲ. ಎಂಥ ಕಲ್ಲು ಮನಸ್ಸಿನ ಮಗಳು ಎಂದು ಲೇನಿನ ಹೆಂಗಸರು ಆಡಿಕೊಂಡರು. ಅವರ ನಡುವೆ ನಾನೂ ನಿಂತಿದ್ದೆ, ಬಾಯಿ ಮುಚ್ಚಿಕೊಂಡು.

ರವಿ ಮನೆ ಮಾರಿ ನೋಯ್ಡಾಕ್ಕೆ ಹೋದ. ಅಷ್ಟರಲ್ಲಿ ನಿಯಮವೇ ಬದಲಾಗಿತ್ತು. ಕೊಂಡವರು ಯಾರನ್ನೂ ಕೇಳದೆ ಮೇಲೊಂದು ಮಹಡಿ ಎಬ್ಬಿಸಿದರು. ನೆರಳು ನಾನು ಲೆಕ್ಕ ಹಾಕಿದಲ್ಲಿಗೇ, ಹೊಸ್ತಿಲಿಗೇ ಬಂತು. ಇದನ್ನು ಶಿಕ್ಷೆ ಎಂದು ಕರೆದುಕೊಂಡು ಸಮಾಧಾನ ಪಟ್ಟುಕೊಳ್ಳಲು ನೋಡಿದೆ. ಬಿಸಿಲು ಹೋದರೆ ಹೀಟರ್ ಹಾಕಿಕೊಳ್ಳಬಹುದು. ಅದು ಶಿಕ್ಷೆಯಲ್ಲ.

ಕಳೆದ ವಾರ ರಿತುವಿನ ಮದುವೆಗೆ ಕರೆಯಲು ಬಂದೆಯಲ್ಲ. ನನ್ನ ಕಾಲು ಮುಟ್ಟಿ, "ಧಾರೆ ಟೈಮಲ್ಲಿ ಅಮ್ಮನ ಜಾಗದಲ್ಲಿ ನೀವೇ ನಿಂತ್ಕೋಬೇಕು ಆಂಟಿ. ಮೇರಾ ಔರ್ ಕೌನ್ ಹೈ? ಇನ್ಯಾರಿದ್ದಾರೆ ನಂಗೆ?" ಎಂದೆ. ಹೋಗುವಾಗ ಗೇಟಿನಲ್ಲಿ ನಿಂತು ಎದುರಿನ ಹೊಸ ಮಹಡಿಯ ಕಡೆ ಕತ್ತೆತ್ತಿ, "ಅಮ್ಮಂಗೇ ನಾನು ಬೇಡವಾಗಿದ್ದೆ. ಚಲೋ, ಕೋಯೀ ಬಾತ್ ನಹೀಂ" ಎಂದು, ಹೋಗಲಿ ಬಿಡಿ ಎನ್ನುವ ಹಾಗೆ ನಕ್ಕೆ. ಆಗಲೂ ನಾನು ಹೇಳಲಿಲ್ಲ. ಖಂಡಿತ ಬರ್ತೀನಮ್ಮ ಎಂದೆ.

ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಓದಲು ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ನೋಡು, ತಪ್ಪೊಪ್ಪಿಕೊಳ್ಳುವಾಗಲೂ ಅದೇ ಹಳೆಯ ಬುದ್ಧಿ — ಒಂದು ಭಾಷೆಯ ಹಿಂದೆ ಅಡಗಿ ಕೂರುವುದು. ಇದು ಸಾಲದು. ಈಗ ಜನಕಪುರಿಯಿಂದ ಲಕ್ಷ್ಮೀ ನಗರಕ್ಕೆ ಮೆಟ್ರೋದಲ್ಲಿ ಕೂತರೆ ನೇರ ಅಲ್ಲೇ ಇಳಿಯಬಹುದು. ಮಂಡಿನೋವು, ದೂರ ಎಂಬ ನೆಪಕ್ಕೂ ಜಾಗವಿಲ್ಲ. ನಾಳೆ ಬರುತ್ತೇನೆ. ಧಾರೆಗೆ ನಾನು ನಿಲ್ಲುವ ಮಾತು ಅಲ್ಲಿಗೆ ಮುಗಿಯುತ್ತದೆ, ಮುಗಿಯಲೇಬೇಕು. ನೀನು ಒಳಗೆ ಕರೆಯುವ ಮೊದಲೇ, ಬಾಗಿಲಲ್ಲೇ ನಿಂತು, ಆ ದಿನ ಪಾರ್ಕಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದಾಗ ಹೇಳಬೇಕಾಗಿದ್ದ ನಿನ್ನ ಅಮ್ಮನ ಮಾತನ್ನು, ಅದೇ ಹಿಂದಿಯಲ್ಲಿ ಹೇಳುತ್ತೇನೆ:

ಕಹ ರಹೀ ಹೈಂ — ಮೇರೀ ಬೇಟೀ ಘರ್ ಆ ಜಾಯೇ, ಬಸ್.